ಟೈಟಾನಿಯಂ ಆನೋಡೈಸಿಂಗ್ ಕಿಟ್: ಪೆಟ್ಟಿಗೆ ಚೆನ್ನಾಗಿದೆ, ಪುಸ್ತಿಕೆ ಚೆನ್ನಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಟೈಟಾನಿಯಂಗೆ ಬಣ್ಣ ಬರಿಸುವ (ಇದೇ ಆನೋಡೈಸಿಂಗ್) ಈ ಕಿಟ್ ತಗೊಳ್ಳಬಹುದು. ಒಳಗಿರುವ ಪವರ್ ಸಪ್ಲೈ ನಿಜಕ್ಕೂ ಒಳ್ಳೆಯದು. ಆದರೆ ಜೊತೆಗೆ ಕೊಟ್ಟಿರುವ ಪುಸ್ತಿಕೆಯನ್ನು ನಂಬಿ ಕೆಲಸ ಶುರು ಮಾಡಿದರೆ ಟೈಟಾನಿಯಂ ಹಾಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕಣ್ಣೆದುರೇ ಏನು ನಡೆಯುತ್ತಿದೆ ಅನ್ನುವುದು ಕೊನೆವರೆಗೂ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಹೋದರೆ ಈ ಪೆಟ್ಟಿಗೆಯ ಮುಕ್ಕಾಲು ಸುಖ ಹೋದ ಹಾಗೆಯೇ. ಹಾಗಾಗಿ ಈ ವಿಮರ್ಶೆ ಸ್ವಲ್ಪ ಉದ್ದವಾಗಿದೆ, ಓದಿ.

ಇಂಥ ಕಿಟ್‌ಗಳು ಈಗ ಹಲವು ಹೆಸರಿನಲ್ಲಿ ಸಿಗುತ್ತವೆ. ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ನನ್ನದರಲ್ಲಿ ಇದ್ದದ್ದು 0ಯಿಂದ 120 ವೋಲ್ಟ್‌ವರೆಗೆ ಏರಿಸಬಹುದಾದ ಡಿಸಿ ಪವರ್ ಸಪ್ಲೈ, ಕೆಂಪು ಮತ್ತು ಕಪ್ಪು ವೈರು, ಮೈನಸ್ ತುದಿಯಾದ ಕ್ಯಾಥೋಡ್‌ಗೆ ಅಂತ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ, ತೂಗುಹಾಕಲು ಟೈಟಾನಿಯಂ ತಂತಿ, ಅಭ್ಯಾಸಕ್ಕೆ ಒಂದಷ್ಟು ಟೈಟಾನಿಯಂ ತುಂಡುಗಳು, ಟ್ರೈಸೋಡಿಯಂ ಫಾಸ್ಫೇಟ್ ಪುಡಿ, ಕೈಗವಸು, ಒಂದು ಬಣ್ಣದ ಚಾರ್ಟ್, ಮತ್ತು ಆ ಪುಸ್ತಿಕೆ. ಪುಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಬೇಕು. ಜಾಲರಿಯನ್ನು ಮೈನಸ್‌ಗೆ, ಟೈಟಾನಿಯಂ ತುಂಡನ್ನು ಪ್ಲಸ್‌ಗೆ ಕೊಟ್ಟು ಎರಡನ್ನೂ ಒಂದಕ್ಕೊಂದು ತಾಗದ ಹಾಗೆ ದ್ರಾವಣದಲ್ಲಿ ಮುಳುಗಿಸಬೇಕು. ಸ್ವಿಚ್ ಹಾಕಿ ವೋಲ್ಟೇಜ್ ಏರಿಸಬೇಕು. ಅಷ್ಟೇ. ಬೂದು ಲೋಹ ನೋಡುತ್ತಿದ್ದ ಹಾಗೆ ಚಿನ್ನದ ಬಣ್ಣಕ್ಕೆ, ಆಮೇಲೆ ನೇರಳೆಗೆ, ಆಮೇಲೆ ಗಾಢ ನೀಲಿಗೆ ತಿರುಗುತ್ತದೆ. ಇದನ್ನು ನೋಡಿದವರು ಯಾರೂ ಅಲ್ಲಿಗೇ ನಿಲ್ಲಿಸುವುದಿಲ್ಲ, ಇನ್ನೊಂದು ತುಂಡು ಹಾಕಿ ನೋಡೋಣ ಅಂತಲೇ ಹೇಳುತ್ತಾರೆ.

ಪುಸ್ತಿಕೆ ಎಡವುವುದು ಇಲ್ಲೇ. ಅದು ಉದ್ದಕ್ಕೂ 'ಬಣ್ಣದ ಲೇಪನ' ಅಂತ ಬರೆಯುತ್ತದೆ. ಇಲ್ಲಿ ಯಾವುದನ್ನೂ ಲೇಪಿಸುವುದಿಲ್ಲ. ದ್ರಾವಣದಲ್ಲಿ ಬಣ್ಣ ಇಲ್ಲ, ಪುಡಿಯಲ್ಲಿ ಬಣ್ಣ ಇಲ್ಲ. ಲೋಹದ ಮೈಮೇಲೆ ಬೆಳೆಯುವ ಟೈಟಾನಿಯಂ ಆಕ್ಸೈಡ್ ಪದರಕ್ಕೂ ಬಣ್ಣ ಇಲ್ಲ, ಅದು ಗಾಜಿನ ಹಾಗೆ ಪಾರದರ್ಶಕ. ಬದಲಾಗುತ್ತಿರುವುದು ಒಂದೇ ಒಂದು, ಆ ಪದರದ ದಪ್ಪ. ಲೋಹದಿಂದಲೇ ಟೈಟಾನಿಯಂ ತಗೊಂಡು, ನೀರಿನಿಂದ ಆಮ್ಲಜನಕ ತಗೊಂಡು, ಅದು ಅಲ್ಲೇ ಬೆಳೆಯುತ್ತದೆ. ಹೊರಗಿನಿಂದ ತಂದು ಅಂಟಿಸಿದ್ದಲ್ಲವಾದ್ದರಿಂದ ಅದು ಸಿಪ್ಪೆ ಎದ್ದು ಬರುವುದಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಕಿಟ್ ಬಳಸುವ ರೀತಿಯೇ ಬದಲಾಗುತ್ತದೆ.

ಇದು ಬೆಳೆಯುವ ಬಗೆ ನನಗೆ ತುಂಬಾ ಇಷ್ಟ. ಹೊಸದಾಗಿ ಉಜ್ಜಿದ ಟೈಟಾನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ದಪ್ಪದ ಆಕ್ಸೈಡ್ ಬಂದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಇಲ್ಲದ ಟೈಟಾನಿಯಂ ನಿಮಗೆ ಗಾಳಿಯಲ್ಲಿ ಸಿಗುವುದೇ ಇಲ್ಲ. ಈಗ ಆ ತುಂಡನ್ನು ದ್ರಾವಣಕ್ಕೆ ಹಾಕಿ ಪ್ಲಸ್‌ಗೆ ಜೋಡಿಸಿ 20 ವೋಲ್ಟ್ ಕೊಡಿ. ದ್ರಾವಣ ವಿದ್ಯುತ್ತನ್ನು ಸಲೀಸಾಗಿ ಒಯ್ಯುತ್ತದೆ, ಲೋಹವೂ ಒಯ್ಯುತ್ತದೆ. ತಡೆಯುವುದು ನಡುವಿನ ಆಕ್ಸೈಡ್ ಮಾತ್ರ. ಹಾಗಾಗಿ ಬಹುಮಟ್ಟಿಗೆ ಅಷ್ಟೂ ವೋಲ್ಟೇಜ್ ಆ ತೆಳು ಪದರದ ಮೇಲೆಯೇ ಬೀಳುತ್ತದೆ. ಒಳಗೆ ವಿದ್ಯುತ್ ಕ್ಷೇತ್ರ ಎಷ್ಟು ಜೋರಾಗಿರುತ್ತದೆ ಅಂದರೆ ಟೈಟಾನಿಯಂ ಅಯಾನುಗಳು (ಚಾರ್ಜ್ ಹೊತ್ತ ಪರಮಾಣುಗಳು) ಜಾಗ ಬಿಟ್ಟು ಹೊರಗೆ ಜಿಗಿಯುತ್ತವೆ, ಆಮ್ಲಜನಕದ ಅಯಾನುಗಳು ಒಳಗೆ ಜಿಗಿಯುತ್ತವೆ. ಎರಡೂ ಕಡೆ ಹೊಸ ಆಕ್ಸೈಡ್ ಹುಟ್ಟುತ್ತದೆ. ಪದರ ದಪ್ಪವಾದ ಹಾಗೆ ಅದೇ 20 ವೋಲ್ಟ್ ಹೆಚ್ಚು ದೂರಕ್ಕೆ ಹಂಚಿಹೋಗುತ್ತದೆ, ಕ್ಷೇತ್ರ ಇಳಿಯುತ್ತದೆ. ಅಯಾನುಗಳ ಓಟ ಕ್ಷೇತ್ರವನ್ನು ಘಾತೀಯವಾಗಿ ಅವಲಂಬಿಸಿದೆ, ಅಂದರೆ ಕ್ಷೇತ್ರ ಸ್ವಲ್ಪ ಇಳಿದರೂ ಓಟ ಸಿಕ್ಕಾಪಟ್ಟೆ ಇಳಿಯುತ್ತದೆ. ಹಾಗಾಗಿ ಬೆಳವಣಿಗೆ ತಾನಾಗಿಯೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಎಲ್ಲಿ ನಿಲ್ಲುತ್ತದೆ? ಟೈಟಾನಿಯಂನಲ್ಲಿ ಒಂದು ವೋಲ್ಟ್‌ಗೆ ಸುಮಾರು 2 ನ್ಯಾನೋಮೀಟರ್ ಲೆಕ್ಕದಲ್ಲಿ. 20 ವೋಲ್ಟ್‌ಗೆ 40ರ ಆಸುಪಾಸು, 100 ವೋಲ್ಟ್‌ಗೆ 200ರ ಆಸುಪಾಸು.

ಅಂದರೆ ಪವರ್ ಸಪ್ಲೈ ಮೇಲಿನ ಗುಂಡಿ ನಿಜಕ್ಕೂ ದಪ್ಪದ ಗುಂಡಿ. ಒಂದು ವೋಲ್ಟ್ ತಿರುಗಿಸಿದರೆ ಕೆಲವೇ ಪರಮಾಣು ಪದರಗಳಷ್ಟು ಆಕ್ಸೈಡ್ ಸೇರುತ್ತದೆ. 18ರಿಂದ 28 ವೋಲ್ಟ್ ನಡುವೆ ಬಣ್ಣ ಬೇಗ ಬೇಗ ಬದಲಾಗುವುದರಿಂದ ಎರಡು ವೋಲ್ಟಿನ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಬರಿಗಣ್ಣಿನಿಂದ ನಾಲ್ಕೈದು ನ್ಯಾನೋಮೀಟರ್ ಅಳೆಯುವ ಸಾಧನ ಬೇರೆ ಯಾವುದಿದೆ ಹೇಳಿ? ಈ ಕಿಟ್ ಬಗ್ಗೆ ನನಗಿರುವ ಗೌರವಕ್ಕೆ ಇದೇ ಕಾರಣ.

ಪುಸ್ತಿಕೆ ಮಾತ್ರ ಪ್ರತಿ ಬಣ್ಣಕ್ಕೂ ಇಷ್ಟು ನಿಮಿಷ ಅಂತ ಪಟ್ಟಿ ಕೊಟ್ಟಿದೆ. ಅದನ್ನು ಬಿಟ್ಟುಬಿಡಿ. ಸಣ್ಣ ತುಂಡಾದರೆ ಬಣ್ಣ ಕೆಲವೇ ಕ್ಷಣದಲ್ಲಿ ಬಂದು ನಿಲ್ಲುತ್ತದೆ. ಆಮೇಲೆ ಹತ್ತು ನಿಮಿಷ ಹೆಚ್ಚು ಇಟ್ಟರೂ ಕಣ್ಣಿಗೆ ಕಾಣುವಷ್ಟು ಬದಲಾಗುವುದು ಕಡಿಮೆ. ಒಂದು ಆಮ್ಮೀಟರ್ ಇದ್ದರೆ ಸರ್ಕ್ಯೂಟಿನಲ್ಲಿ ಜೋಡಿಸಿ ನೋಡಿ, ದಯವಿಟ್ಟು ನೋಡಿ. ಸ್ವಿಚ್ ಹಾಕಿದ ಕೂಡಲೇ ಕರೆಂಟ್ ಜಿಗಿಯುತ್ತದೆ, ಕೂಡಲೇ ಇಳಿಯುತ್ತದೆ, ಇಳಿದು ಇಳಿದು ಸೊನ್ನೆಯ ಹತ್ತಿರ ಬಂದು ಕೂರುತ್ತದೆ. ಆಫ್ ಮಾಡಿ ಮತ್ತೆ ಅದೇ ವೋಲ್ಟೇಜ್ ಕೊಡಿ, ಏನೂ ಆಗುವುದಿಲ್ಲ. ಐದು ವೋಲ್ಟ್ ಏರಿಸಿ, ಮತ್ತೆ ಒಂದು ಜಿಗಿತ, ಮತ್ತೆ ಇಳಿತ. ಪದರ ಬೆಳೆದು ನಿಂತದ್ದನ್ನು ಮೀಟರ್ ಮುಳ್ಳಿನಲ್ಲೇ ಓದಬಹುದು. ಕರೆಂಟ್ ಹೀಗೆ ಇಳಿಯುವುದರ ಬಗ್ಗೆ ಪುಸ್ತಿಕೆಯಲ್ಲಿ ಯಾಕೆ ಒಂದು ಸಾಲೂ ಇಲ್ಲ ಅಂತ ಮಾರಿದವರಿಗೆ ಬರೆದು ಕೇಳಿದೆ. ದ್ರಾವಣ ಹಳೆಯದಾಗಿರಬೇಕು, ಹೊಸ ಪುಡಿ ಕೊಳ್ಳಿ ಅಂತ ಉತ್ತರ ಬಂತು. ಇದು ನನಗೆ ಬೇಸರ ತಂದಿತು. ಕರೆಂಟ್ ಇಳಿಯುವುದು ಕೆಟ್ಟುಹೋದ ಲಕ್ಷಣವಲ್ಲ, ಸರಿಯಾಗಿ ಕೆಲಸ ಆದ ಲಕ್ಷಣ. ಅದು ಇಳಿಯದೆ ಹೋದರೆ ಮಾತ್ರ ಚಿಂತಿಸಬೇಕು. ತಾವೇ ಮಾರುವ ಸಾಮಾನಿನ ಬಗ್ಗೆ ಇಷ್ಟಾದರೂ ತಿಳಿದಿರಬೇಕು ಅಲ್ವಾ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಗಾಳಿಯಲ್ಲಿ ತಾನಾಗಿ ಬರುವ ಆ ತೆಳು ಪದರ ಕೆಲವೇ ನ್ಯಾನೋಮೀಟರಿಗೆ ಯಾಕೆ ನಿಲ್ಲುತ್ತದೆ? 1949ರಲ್ಲಿ ಪ್ರಕಟವಾದ ಲೇಖನದಲ್ಲಿ ಭೌತವಿಜ್ಞಾನಿಗಳಾದ ನಿಕೋಲಾಸ್ ಕಾಬ್ರೆರಾ ಮತ್ತು ನೆವಿಲ್ ಮಾಟ್ ಕೊಟ್ಟ ವಿವರಣೆ ಇವತ್ತಿಗೂ ಓದಬೇಕಾದದ್ದು. ಪದರ ತೀರಾ ತೆಳುವಾಗಿದ್ದಾಗ ಲೋಹದ ಎಲೆಕ್ಟ್ರಾನುಗಳು ಅದರ ಮೂಲಕ ಸುರಂಗ ಹೊಡೆದ ಹಾಗೆ ಆಚೆ ದಾಟಿ, ಮೇಲೆ ಕೂತ ಆಮ್ಲಜನಕಕ್ಕೆ ಸೇರಿಕೊಳ್ಳುತ್ತವೆ. ಮೇಲ್ಗಡೆ ಮೈನಸ್, ಕೆಳಗಡೆ ಪ್ಲಸ್ ಆಗುತ್ತದೆ. ಹುಟ್ಟುವ ವೋಲ್ಟೇಜ್ ಸುಮಾರು ಒಂದು ವೋಲ್ಟ್ ಅಷ್ಟೇ. ಆದರೆ ಅದು ಒಂದೆರಡು ನ್ಯಾನೋಮೀಟರಿನ ಮೇಲೆ ಬೀಳುತ್ತದೆ, ಹಾಗಾಗಿ ಕ್ಷೇತ್ರ ಭಯಂಕರ ಜೋರು, ಅಯಾನುಗಳನ್ನು ಬಿಸಿ ಮಾಡದೆಯೇ ಎಳೆದು ತರುವಷ್ಟು ಜೋರು. ಪದರ ಬೆಳೆದಂತೆ ಕ್ಷೇತ್ರ ಇಳಿದು ಬೆಳವಣಿಗೆ ನಿಲ್ಲುತ್ತದೆ. ಈಗ ಲೆಕ್ಕ ಹಾಕಿ ನೋಡಿ. 2 ನ್ಯಾನೋಮೀಟರಿಗೆ 1 ವೋಲ್ಟ್, 200 ನ್ಯಾನೋಮೀಟರಿಗೆ 100 ವೋಲ್ಟ್. ಎರಡೂ ಲೆಕ್ಕದಲ್ಲಿ ಕ್ಷೇತ್ರ ಮೀಟರಿಗೆ ಸುಮಾರು 50 ಕೋಟಿ ವೋಲ್ಟ್. ಒಣ ಗಾಳಿ ಸುಮಾರು 30 ಲಕ್ಷಕ್ಕೇ ಕಿಡಿ ಹಾರಿಸಿಬಿಡುತ್ತದೆ. ಅಂದರೆ ಈ ಕಿಟ್ ಯಾವ ಹೊಸ ಮಾಯೆಯನ್ನೂ ಮಾಡುತ್ತಿಲ್ಲ. ಗಾಳಿಯಲ್ಲಿಟ್ಟ ಪ್ರತಿ ಟೈಟಾನಿಯಂ ತುಂಡು ತನ್ನಷ್ಟಕ್ಕೆ ಒಂದು ವೋಲ್ಟಿನಲ್ಲಿ ಮಾಡಿಕೊಳ್ಳುವುದನ್ನೇ ನೂರು ವೋಲ್ಟಿಗೆ ಹಿಗ್ಗಿಸಿ, ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಆ ಪುಸ್ತಿಕೆಯಲ್ಲಿ ಇದೊಂದು ಮಾತು ಇದ್ದಿದ್ದರೆ ಉಳಿದ ತಪ್ಪುಗಳನ್ನೆಲ್ಲ ಮನ್ನಿಸಿಬಿಡುತ್ತಿದ್ದೆ.

ಬಣ್ಣದ ಚಾರ್ಟ್‌ಗೆ ಬರೋಣ. ಚಾರ್ಟ್ ಚೆನ್ನಾಗಿ ಮುದ್ರಿಸಿದ್ದಾರೆ, ಕ್ರಮವೂ ಸರಿಯಿದೆ. ಹತ್ತು ಹದಿನೈದು ವೋಲ್ಟಿಗೆ ಚಿನ್ನದ ಛಾಯೆ, 20ರ ಹತ್ತಿರ ನೇರಳೆ, 27ರಿಂದ 30ಕ್ಕೆ ಗಾಢ ನೀಲಿ, 40ಕ್ಕೆ ತಿಳಿ ನೀಲಿ, ಆಮೇಲೆ ಸ್ವಲ್ಪ ದೂರ ಬಣ್ಣ ಮಂಕಾಗಿ ಬೆಳ್ಳಿಯ ಹಾಗೆ ಆಗಿ, 55ರ ಸುಮಾರಿಗೆ ಮತ್ತೆ ಹಳದಿ, 65ರಿಂದ 70ಕ್ಕೆ ಗುಲಾಬಿ, 80 ದಾಟಿದರೆ ನೀಲಿ ಹಸಿರು, 100ರ ಹತ್ತಿರ ಹಸಿರು. ನಿಮ್ಮ ಲೋಹ, ದ್ರಾವಣ, ಮೇಲ್ಮೈ ನೋಡಿಕೊಂಡು ಒಂದೆರಡು ವೋಲ್ಟ್ ಆಚೀಚೆ ಆಗುತ್ತದೆ. ಹಳದಿ ಎರಡು ಸಲ ಯಾಕೆ ಬರುತ್ತದೆ ಅಂತ ಚಾರ್ಟ್ ಹೇಳುವುದಿಲ್ಲ. ಬೆಳಕಿನ ಒಂದು ಪಾಲು ಆಕ್ಸೈಡಿನ ಮೇಲ್ಮೈಯಿಂದ ಹಿಂದಿರುಗುತ್ತದೆ, ಇನ್ನೊಂದು ಪಾಲು ಪದರ ದಾಟಿ ಲೋಹಕ್ಕೆ ಬಡಿದು ಹಿಂದಿರುಗುತ್ತದೆ. ಎರಡೂ ಸೇರುವಾಗ ಕೆಲವು ಬಣ್ಣಗಳಲ್ಲಿ ಅವು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಪದರ ದಪ್ಪವಾದ ಹಾಗೆ ಅದೇ ಬಣ್ಣ ಮತ್ತೊಮ್ಮೆ ಅಳಿಸುವ ಸರದಿ ಬರುತ್ತದೆ. ಸುಮಾರು 60 ನ್ಯಾನೋಮೀಟರ್ ದಪ್ಪ, ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 2.4 ಅಂತ ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿ ನಾಲ್ಕರಿಂದ ಗುಣಿಸಿದರೆ 576 ನ್ಯಾನೋಮೀಟರ್, ಅಳಿಸಿಹೋಗುವ ಬೆಳಕಿನ ತರಂಗಾಂತರ (ಅಲೆಯ ಉದ್ದ) ಇದೇ. ಅದು ಹಳದಿ. ಹಳದಿ ಹೋದರೆ ಉಳಿಯುವುದು ನೀಲಿ. ಪದರ ಇನ್ನೂ ದಪ್ಪವಾಗಿ 210 ನ್ಯಾನೋಮೀಟರ್ ಆದಾಗ ಕೆಂಪಿನ ಕೊನೆ ಮತ್ತು ನೇರಳೆಯ ಕೊನೆ ಎರಡೂ ಒಟ್ಟಿಗೆ ಅಳಿಸಿ, ನಡುವಿನ ಹಸಿರು ಉಳಿಯುತ್ತದೆ. ಹಸಿರು ಅಷ್ಟು ಮೇಲಿನ ವೋಲ್ಟೇಜಿನಲ್ಲಿ ಮಾತ್ರ ಸಿಗಲು ಇದೇ ಕಾರಣ.

ಕೆಂಪು ಬರುವುದಿಲ್ಲ. ಎಷ್ಟೇ ಪ್ರಯತ್ನಪಟ್ಟರೂ ಅಚ್ಚ ಕೆಂಪು ಬರುವುದಿಲ್ಲ. ಅದಕ್ಕೆ ನೀಲಿ ಮತ್ತು ಹಸಿರು ಎರಡೂ ಒಟ್ಟಿಗೆ ಹೋಗಿ ಕೆಂಪು ಮಾತ್ರ ಉಳಿಯಬೇಕು, ಯಾವ ದಪ್ಪದಲ್ಲೂ ಹಾಗೆ ಆಗುವುದಿಲ್ಲ. ಹಸಿರು ಹೋದಾಗ ಕೆಂಪಿನ ಜೊತೆ ನೀಲಿಯೂ ಉಳಿದು ನೇರಳೆಯೋ ಗುಲಾಬಿಯೋ ಆಗುತ್ತದೆ. ಡಬ್ಬದ ಮೇಲೆ ಕೆಂಪು ಉಂಗುರದ ಚಿತ್ರ ಹಾಕಿದ್ದಾರೆ. ಅದನ್ನು ತೆಗೆಯಬೇಕು. ಕೆಂಪಿಗೋಸ್ಕರ ಕೊಳ್ಳುವವರು ಕೊಳ್ಳಬೇಡಿ. ಕಪ್ಪೂ ಬರುವುದಿಲ್ಲ.

ಒಂದು ಒಳ್ಳೆಯ ಗುಣ ಹೇಳಲೇಬೇಕು. ಓರೆಯಾಗಿ ನೋಡಿದರೂ ಬಣ್ಣ ಜಾಸ್ತಿ ಬದಲಾಗುವುದಿಲ್ಲ. ಸಾಬೂನಿನ ಗುಳ್ಳೆಯ ಬಣ್ಣವೂ ಇದೇ ಬಗೆಯದು, ಆದರೆ ಅದು ತಲೆ ಅಲ್ಲಾಡಿಸಿದರೆ ಬದಲಾಗುತ್ತದೆ. ಟೈಟಾನಿಯಂ ಆಕ್ಸೈಡಿನ ವಕ್ರೀಭವನ ಸೂಚ್ಯಂಕ ಜಾಸ್ತಿ ಇರುವುದರಿಂದ ಬೆಳಕು ಒಳಗೆ ಹೋದ ಮೇಲೆ ಬಹುಪಾಲು ನೆಟ್ಟಗಾಗಿಬಿಡುತ್ತದೆ. 60 ಡಿಗ್ರಿ ಓರೆಯಲ್ಲಿ ನೋಡಿದರೆ ಗುಳ್ಳೆಯಲ್ಲಿ ಬಣ್ಣ ಸುಮಾರು ಶೇಕಡಾ 24ರಷ್ಟು ಸರಿಯುತ್ತದೆ, ಇಲ್ಲಿ ಸುಮಾರು 7ರಷ್ಟು ಮಾತ್ರ. ಒಡವೆ ಮಾಡುವವರಿಗೆ ಇದು ದೊಡ್ಡ ವರ. ಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂಗಳನ್ನು ಅಳತೆಗೊಂದು ಬಣ್ಣ ಮಾಡಿ ಗುರುತಿಡುವುದೂ ಇದೇ ವಿಧಾನದಲ್ಲಿ. ಬಣ್ಣವಸ್ತು ಇಲ್ಲದ ಬಣ್ಣ, ದೇಹದೊಳಗೆ ಹೋಗುವ ವಸ್ತುವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಪುಸ್ತಿಕೆಯಲ್ಲಿ 'ಹರಳಿನ ರಕ್ಷಾಕವಚ' ಅಂತ ಒಂದು ಮಾತಿದೆ. ಇದು ನನಗೆ ಸುಮ್ನೆ ಬಿಡಲು ಆಗದ ಮಾತು, ಯಾಕೆಂದರೆ ಪದರದ ಒಳಗಿನ ರಚನೆ ಇಲ್ಲಿನ ಅತ್ಯಂತ ಚಂದದ ವಿಷಯ. ಕಡಿಮೆ ವೋಲ್ಟೇಜಿನಲ್ಲಿ ಬೆಳೆದ ಪದರ ಹರಳಲ್ಲ. ಪರಮಾಣುಗಳಿಗೆ ಅಕ್ಕಪಕ್ಕದ ನೆರೆಯವರು ಯಾರು ಅನ್ನುವುದು ಸರಿಯಾಗಿರುತ್ತದೆ, ದೂರದ ಸಾಲು ಕ್ರಮ ಇರುವುದಿಲ್ಲ. ಎಕ್ಸ್-ರೇ ಹಾಕಿದರೆ ಆಕ್ಸೈಡಿನಿಂದ ಚೂಪಾದ ಗೆರೆಗಳು ಬರುವುದಿಲ್ಲ. ವೋಲ್ಟೇಜ್ ಏರಿದ ಹಾಗೆ ಒಳಗೆ ಅಲ್ಲಲ್ಲಿ ಅನಟೇಸ್ ಅನ್ನುವ ರೂಪದ ಪುಟ್ಟ ಹರಳುಗಳು ಹುಟ್ಟುತ್ತವೆ. ಯಾವ ವೋಲ್ಟಿಗೆ ಅನ್ನುವುದು ದ್ರಾವಣದ ಮೇಲೆ, ಎಷ್ಟು ಬೇಗ ಏರಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಹರಳು ಹುಟ್ಟಿದ ಕಡೆ ಎಲೆಕ್ಟ್ರಾನುಗಳು ಸೋರತೊಡಗುತ್ತವೆ, ಪದರದಲ್ಲೇ ಆಮ್ಲಜನಕ ಅನಿಲ ಹುಟ್ಟಿ ಗುಳ್ಳೆ ಏಳುತ್ತದೆ, ಪದರ ಅಲ್ಲಲ್ಲಿ ಒಡೆಯುತ್ತದೆ. ಮೇಲಿನ ವೋಲ್ಟೇಜಿನಲ್ಲಿ ಆಮ್ಮೀಟರ್ ಪೂರ್ತಿ ಸೊನ್ನೆಗೆ ಇಳಿಯದೆ ಇರುವುದು, ಬಣ್ಣ ಸ್ವಲ್ಪ ಹಾಲಿನ ಹಾಗೆ ಮಂಕಾಗುವುದು ಇದರಿಂದಲೇ. ಇನ್ನೂ ಮೇಲೆ ಹೋದರೆ ಕಿಡಿ ಹಾರುತ್ತದೆ, ಒರಟಾದ, ರಂಧ್ರಗಳಿರುವ ಬೇರೆಯೇ ಪದರ ಬರುತ್ತದೆ. ಅದಕ್ಕೆ ಬೇರೆ ಯಂತ್ರಗಳಿವೆ, ಈ ಕಿಟ್‌ನಿಂದ ಆ ಕಡೆ ಹೋಗಬೇಡಿ.

ಫಾಸ್ಫೇಟ್ ದ್ರಾವಣದಲ್ಲಿ ಬೆಳೆದ ಪದರದ ಹೊರಭಾಗದಲ್ಲಿ ಸ್ವಲ್ಪ ಫಾಸ್ಫೇಟ್ ಸೇರಿಕೊಂಡಿರುತ್ತದೆ ಅನ್ನುವುದೂ ತಿಳಿದಿರಲಿ. ಕೆಳಗಿನ ಲೋಹದ ಹರಳು ಯಾವ ಕಡೆಗೆ ತಿರುಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹರಳುಗಳಿರುವ ಟೈಟಾನಿಯಂ ತುಂಡನ್ನು ಬಣ್ಣ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಕ್ಕಪಕ್ಕದ ಹರಳುಗಳ ಬಣ್ಣ ಬೇರೆ ಬೇರೆ. ಒಂದೇ ವೋಲ್ಟೇಜ್, ಒಂದೇ ಸಮಯ, ಆದರೂ ದಪ್ಪ ಬೇರೆ. ಲೋಹದ ರಚನೆ ಆಕ್ಸೈಡಿನ ಮೂಲಕ ಇಣುಕುತ್ತದೆ. ನಿಜವಾಗಿ ಕ್ರಮಬದ್ಧ ಹರಳಿನ ತೆಳು ಪದರ ಬೇಕೆಂದರೆ ಜಗತ್ತೇ ಬೇರೆ. ಗಾಳಿಯೇ ಇಲ್ಲದಂಥ ನಿರ್ವಾತದಲ್ಲಿ ನಿಕಲ್ ಅಲ್ಯೂಮಿನಿಯಂ ಮಿಶ್ರಲೋಹದ ಒಂಟಿ ಹರಳಿಗೆ ಲೆಕ್ಕ ಹಾಕಿ ಆಮ್ಲಜನಕ ಬಿಟ್ಟು, ಬಿಸಿ ಮಾಡಿ ಬೆಳೆಸುವ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪದರ ಕೇವಲ ಅರ್ಧ ನ್ಯಾನೋಮೀಟರ್ ದಪ್ಪ, ಅಲ್ಲಿಗೇ ನಿಲ್ಲುತ್ತದೆ. ಅದರಲ್ಲಿ ಪರಮಾಣುಗಳು ಹೇಗೆ ಕೂತಿವೆ ಅನ್ನುವುದು ಬಗೆಹರಿದದ್ದು 2005ರಲ್ಲಿ. ನೋಡಿದರೆ ಅದು ದಪ್ಪ ಅಲ್ಯೂಮಿನಾದ ಯಾವ ರೂಪಕ್ಕೂ ಹೊಂದುವುದಿಲ್ಲ, ಪ್ರತಿ 10 ಅಲ್ಯೂಮಿನಿಯಂಗೆ 13 ಆಮ್ಲಜನಕ. ತೆಳು ಪದರ ಅಂದರೆ ದಪ್ಪ ವಸ್ತುವಿನ ಒಂದು ಚೂರು ಅಂತ ತಿಳಿದುಕೊಂಡರೆ ಸಾಲದು. ಈ ಕಿಟ್ ಅಷ್ಟು ದೂರ ಕರೆದೊಯ್ಯುವುದಿಲ್ಲ, ಆದರೆ 'ಹರಳು' ಅಂತ ಸುಳ್ಳು ಬರೆಯುವ ಅಗತ್ಯ ಏನಿತ್ತು?

ಡಬ್ಬದ ಮೇಲಿನ ಇನ್ನೊಂದು ಮಾತು ಅಪಾಯಕಾರಿ. 'ಎಲ್ಲ ಲೋಹಗಳಿಗೂ' ಅಂತ ಬರೆದಿದೆ. ಇಲ್ಲ. ಟೈಟಾನಿಯಂ ಜೊತೆಗೆ ನಯೋಬಿಯಂ, ಟ್ಯಾಂಟಲಂ ಚೆನ್ನಾಗಿ ಬರುತ್ತವೆ. ನಯೋಬಿಯಂ ಬಣ್ಣವಂತೂ ಬಹಳ ಉಜ್ವಲ. ಟ್ಯಾಂಟಲಂ ಕೆಪಾಸಿಟರುಗಳ ಒಳಗಿರುವುದೂ ಹೀಗೇ ಬೆಳೆಸಿದ ಆಕ್ಸೈಡ್ ಪದರವೇ, ಅಲ್ಲಿ ಅದು ಬಣ್ಣಕ್ಕಲ್ಲ, ವಿದ್ಯುತ್ ತಡೆಯಲು. ಅಲ್ಯೂಮಿನಿಯಂ ಹಾಕಿದರೆ ಈ ಕ್ಷಾರದ ದ್ರಾವಣ ಅದನ್ನು ತಿನ್ನುತ್ತದೆ. ಸೌಮ್ಯ ದ್ರಾವಣ ಬಳಸಿದರೂ ಬರುವ ತೆಳು ಪದರದಲ್ಲಿ ಹೇಳಿಕೊಳ್ಳುವಂಥ ಬಣ್ಣ ಕಾಣುವುದಿಲ್ಲ, ಅಲ್ಯೂಮಿನಾದ ವಕ್ರೀಭವನ ಸೂಚ್ಯಂಕ ಅಷ್ಟು ದೊಡ್ಡದಲ್ಲ. ನೀವು ನೋಡಿರುವ ಬಣ್ಣದ ಅಲ್ಯೂಮಿನಿಯಂ ಬೇರೆ ಕಥೆ. ಗಂಧಕಾಮ್ಲದಲ್ಲಿ ಬೆಳೆಸಿದ, ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ ದಪ್ಪ ಪದರ ಅದು. ಆ ರಂಧ್ರಗಳಿಗೆ ಬಣ್ಣ ತುಂಬಿ, ಬಿಸಿನೀರಿನಲ್ಲಿ ಬಾಯಿ ಮುಚ್ಚುತ್ತಾರೆ. ಅಲ್ಲಿ ನಿಜವಾಗಿಯೂ ಬಣ್ಣವಸ್ತು ಇದೆ. ಸ್ಟೇನ್‌ಲೆಸ್ ಸ್ಟೀಲನ್ನು ಮಾತ್ರ ಪ್ಲಸ್‌ಗೆ ಜೋಡಿಸಲೇಬೇಡಿ. ಅದರೊಳಗಿನ ಕ್ರೋಮಿಯಂ ವಿಷಕಾರಿಯಾದ ಆರು ವೇಲೆನ್ಸಿಯ ರೂಪದಲ್ಲಿ ದ್ರಾವಣಕ್ಕೆ ಇಳಿಯಬಹುದು. ಜಾಲರಿ ಮೈನಸ್‌ನಲ್ಲಿ ಇರುವವರೆಗೂ ತೊಂದರೆ ಇಲ್ಲ, ವೈರು ಅದಲುಬದಲಾದರೆ ತೊಂದರೆ. ಕೆಂಪು ವೈರು ಎಲ್ಲಿದೆ ಅಂತ ಪ್ರತಿ ಸಲ ನೋಡಿ.

ಎರಡು ಬಣ್ಣದ ವಿನ್ಯಾಸಕ್ಕೆ ಪುಸ್ತಿಕೆ ಹೇಳುವ ಕ್ರಮವೂ ತಲೆಕೆಳಗು. ಮೊದಲು ಕಡಿಮೆ ವೋಲ್ಟೇಜ್, ಆಮೇಲೆ ಟೇಪ್ ಅಂಟಿಸಿ ಹೆಚ್ಚಿನ ವೋಲ್ಟೇಜ್ ಅನ್ನುತ್ತದೆ. ಟೇಪಿನ ಅಂಚಿನಲ್ಲಿ ದ್ರಾವಣ ನುಗ್ಗಿ ಗೆರೆ ಹರಡುತ್ತದೆ. ಹೆಚ್ಚಿನ ವೋಲ್ಟೇಜನ್ನೇ ಮೊದಲು ಕೊಡಿ. ಇಡೀ ತುಂಡನ್ನು 55 ವೋಲ್ಟಿನಲ್ಲಿ ಹಳದಿ ಮಾಡಿಕೊಳ್ಳಿ, ನಿಮಗೆ ಬೇಕಾದ ಗೆರೆಯನ್ನು ಕೆರೆದು ಲೋಹ ಕಾಣುವಂತೆ ಮಾಡಿ, ಮತ್ತೆ 27 ವೋಲ್ಟ್ ಕೊಡಿ. ಕೆರೆದ ಗೆರೆ ಮಾತ್ರ ನೀಲಿ ಆಗುತ್ತದೆ, ಹಳದಿ ಹಾಗೇ ಇರುತ್ತದೆ. ಅಲ್ಲಿನ ಪದರ ಆಗಲೇ 55ಕ್ಕೆ ತಕ್ಕಷ್ಟು ದಪ್ಪ, 27 ವೋಲ್ಟ್ ಅದರೊಳಗೆ ಅಯಾನುಗಳನ್ನು ಅಲ್ಲಾಡಿಸಲಾರದು. ಟೇಪೇ ಬೇಡ. ಬೆಳವಣಿಗೆಯ ನಿಯಮ ಗೊತ್ತಿದ್ದರೆ ಇಂಥ ಉಪಾಯ ತಾನಾಗಿ ಹೊಳೆಯುತ್ತದೆ. ಅದೇ ಕಾರಣಕ್ಕೆ ವೋಲ್ಟೇಜ್ ಒಂದು ಕ್ಷಣ ಮೇಲೆ ಹೋದರೂ ವಾಪಸ್ ಇಳಿಸಿ ಬಣ್ಣ ಹಿಂದಕ್ಕೆ ತರಲು ಆಗುವುದಿಲ್ಲ, ಕೆರೆದು ತೆಗೆಯಬೇಕು ಇಲ್ಲವೇ ಆಮ್ಲದಲ್ಲಿ ಕರಗಿಸಬೇಕು.

ಈ ಪವರ್ ಸಪ್ಲೈಯನ್ನು ನಾನು ಹೊಗಳುವುದು ಇದಕ್ಕೇ. ಸ್ವಿಚ್ ಹಾಕಿದಾಗ ಅದು ಇಟ್ಟ ವೋಲ್ಟೇಜನ್ನು ದಾಟಿ ಜಿಗಿಯುವುದಿಲ್ಲ. ಪದರ ತಾನು ಕಂಡ ಅತಿ ದೊಡ್ಡ ವೋಲ್ಟೇಜನ್ನು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಜಿಗಿಯುವ ಸಪ್ಲೈ ಇದ್ದರೆ ನೀಲಿ ಅಂತ ಹಾಕಿದ್ದು ತಿಳಿ ನೀಲಿಯಾಗಿ ಹೊರಬರುತ್ತದೆ. ಇದರಲ್ಲಿ ದೊಡ್ಡ ಗುಂಡಿ ಒಂದು, ನಯವಾಗಿ ಹೊಂದಿಸಲು ಸಣ್ಣ ಗುಂಡಿ ಒಂದು, ಕರೆಂಟ್ ಮಿತಿಗೆ ಇನ್ನೊಂದು. ಮಿತಿಯನ್ನು ಕಡಿಮೆ ಇಟ್ಟರೆ ಬಣ್ಣಗಳು ನಿಧಾನವಾಗಿ ಒಂದರ ಹಿಂದೆ ಒಂದು ಹಾದುಹೋಗುವುದನ್ನು ನೋಡುತ್ತಾ ಬೇಕಾದ ಕಡೆ ನಿಲ್ಲಿಸಬಹುದು. ದೊಡ್ಡ ತುಂಡಾದರೆ ಕಾಯಬೇಕು, ಅಷ್ಟು ಮೈಗೆ ಬೇಕಾದ ಕರೆಂಟ್ ಇದರಲ್ಲಿ ಇಲ್ಲ.

ದೂರು ಒಂದೇ, ಆದರೆ ಸಣ್ಣದಲ್ಲ. ಸುರಕ್ಷತೆ. 120 ವೋಲ್ಟ್ ಡಿಸಿ, ಪಕ್ಕದಲ್ಲೇ ವಿದ್ಯುತ್ ಒಯ್ಯುವ ದ್ರಾವಣ, ಒದ್ದೆ ಕೈ. ಇದು ಜೀವ ತೆಗೆಯಬಲ್ಲ ಜೋಡಿ. ಹೀಗಿದ್ದೂ ಕ್ಲಿಪ್‌ಗಳಿಗೆ ಹೊದಿಕೆ ಇಲ್ಲ. ಆಫ್ ಮಾಡಿದ ಮೇಲೂ ಮೀಟರಿನ ಅಂಕಿ ನಿಧಾನವಾಗಿ ಇಳಿಯುತ್ತದೆ, ಅಂದರೆ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅಂಕಿ ಸೊನ್ನೆಗೆ ಬರುವವರೆಗೂ ಏನನ್ನೂ ಮುಟ್ಟಬೇಡಿ. ಜಾಲರಿಯಿಂದ ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ದ್ರಾವಣ ಕ್ಷಾರ, ಕಣ್ಣಿಗೆ ಹಾರದ ಹಾಗೆ ಕನ್ನಡಕ ಹಾಕಿ. ಕಿಟ್‌ನಲ್ಲಿ ಕನ್ನಡಕ ಕೊಟ್ಟಿಲ್ಲ.

ತಯಾರಿಯ ಬಗ್ಗೆ ಒಂದೆರಡು ಮಾತು. ಹಿಡಿಯುವ ತಾಮ್ರದ ಕ್ಲಿಪ್ ದ್ರಾವಣಕ್ಕೆ ತಾಗಬಾರದು. ತಾಮ್ರದ ಮೇಲೆ ತಡೆಯುವ ಪದರ ಬರುವುದಿಲ್ಲ, ಕರೆಂಟೆಲ್ಲ ಅದರ ಮೂಲಕವೇ ಹರಿದು ನಿಮ್ಮ ತುಂಡಿಗೆ ವೋಲ್ಟೇಜ್ ಸಿಗುವುದಿಲ್ಲ, ದ್ರಾವಣವೂ ಕೊಳೆಯಾಗುತ್ತದೆ. ಒಳಗೆ ಹೋಗುವುದು ಟೈಟಾನಿಯಂ ತಂತಿ ಮಾತ್ರ. ತಂತಿಯೂ ಬಣ್ಣ ಪಡೆದು ವಿದ್ಯುತ್ ತಡೆಯತೊಡಗುತ್ತದೆ, ತಾಗುವ ಜಾಗವನ್ನು ಆಗಾಗ ಉಜ್ಜಬೇಕು. ಫ್ಲೋರೈಡ್ ಇರುವ ಆಮ್ಲದಲ್ಲಿ ತೊಳೆದರೆ ಬಣ್ಣ ಇನ್ನೂ ಬೆಳಗುತ್ತದೆ ಅನ್ನುವುದು ನಿಜ, ಕಿಟ್‌ನವರು ಅದನ್ನು ಕೊಟ್ಟಿಲ್ಲ, ಕೊಡದೆ ಇದ್ದದ್ದೇ ಸರಿ. ಅದು ಚರ್ಮದ ಮೂಲಕ ಒಳಗಿಳಿದು ಮೂಳೆವರೆಗೂ ಹಾನಿ ಮಾಡುವಂಥದ್ದು, ಮನೆಯಲ್ಲಿ ಬೇಡ. ನಯವಾದ ಮರಳು ಕಾಗದದಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಎಣ್ಣೆ ಜಿಡ್ಡು ತೆಗೆದರೆ ಸಾಕಷ್ಟು ಒಳ್ಳೆಯ ಬಣ್ಣ ಬರುತ್ತದೆ. ಅಭ್ಯಾಸದ ತುಂಡುಗಳು ಯಾವ ದರ್ಜೆಯವು ಅಂತ ಬರೆದಿಲ್ಲ. ಬರೆಯಬೇಕಿತ್ತು, ಯಾಕೆಂದರೆ ಶುದ್ಧ ಟೈಟಾನಿಯಂ ಮತ್ತು ಅಲ್ಯೂಮಿನಿಯಂ, ವನೇಡಿಯಂ ಬೆರೆಸಿದ ದರ್ಜೆ 5 ಒಂದೇ ವೋಲ್ಟಿಗೆ ಒಂದೇ ಛಾಯೆ ಕೊಡುವುದಿಲ್ಲ. ಮುಗಿದ ತುಂಡನ್ನು ಬೆರಳಿನಿಂದ ಮುಟ್ಟಿದರೆ ಬಣ್ಣ ಮಂಕಾದಂತೆ ಕಾಣುತ್ತದೆ, ಗಾಬರಿ ಬೇಡ. ಬೆರಳಿನ ಜಿಡ್ಡು ಮೇಲ್ಮೈಯಿಂದ ಹಿಂದಿರುಗುವ ಬೆಳಕನ್ನು ಕಡಿಮೆ ಮಾಡಿರುತ್ತದೆ. ಒರೆಸಿದರೆ ಬಣ್ಣ ವಾಪಸ್ ಬರುತ್ತದೆ.

ಟಾರ್ಚ್ ಹಿಡಿದು ಬಿಸಿ ಮಾಡಿದರೂ ಇಂಥದ್ದೇ ಬಣ್ಣ ಬರುತ್ತದಲ್ಲ, ಕಿಟ್ ಯಾಕೆ ಅಂತ ಕೇಳುವವರಿದ್ದಾರೆ. ಬರುತ್ತದೆ, ಚಂದವೂ ಇರುತ್ತದೆ. ಆದರೆ ಅಲ್ಲಿ ದಪ್ಪ ಅನ್ನುವುದು ಬಿಸಿ ಮತ್ತು ಸಮಯ ಎರಡನ್ನೂ ನಂಬಿದೆ, ತಾನಾಗಿ ನಿಲ್ಲುವ ಜಾಗ ಇಲ್ಲ, ನಿನ್ನೆಯ ನೀಲಿ ಇವತ್ತು ಮತ್ತೆ ಸಿಗುವುದು ಕಷ್ಟ. ಜೊತೆಗೆ ಬಿಸಿಯಲ್ಲಿ ಆಮ್ಲಜನಕ ಲೋಹದೊಳಕ್ಕೂ ಕರಗಿ ಹೋಗುತ್ತದೆ, ಜಾಸ್ತಿ ಆದರೆ ಮೈ ಪೆಡಸಾಗುತ್ತದೆ. ಕಿಟ್‌ನಲ್ಲಿ ಅದೇ ಅಂಕಿ ಇಟ್ಟರೆ ಅದೇ ಬಣ್ಣ. ಒಂದು ಜೊತೆ ಓಲೆ ಮಾಡುವವರಿಗೆ ಇದರ ಬೆಲೆ ಗೊತ್ತು.

ಬಾಳಿಕೆ ವಸ್ತುವಿನ ಮೇಲಿದೆ. ಪದರ ಗಟ್ಟಿಯೇ, ಆದರೆ ಒಂದು ಮಿಲಿಮೀಟರಿನ ನಾಲ್ಕು ಸಾವಿರದಲ್ಲಿ ಒಂದು ಭಾಗವನ್ನೂ ಅದು ದಾಟುವುದು ಕಷ್ಟ. ಓಲೆ, ಪದಕ, ಅಲಂಕಾರದ ತುಂಡುಗಳಲ್ಲಿ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ದಿನವೂ ಉಜ್ಜಾಡುವ ಉಂಗುರದ ಹೊರಮೈಯಲ್ಲಿ ನಿಲ್ಲುವುದಿಲ್ಲ, ತಗ್ಗಿನಲ್ಲಿ ಕೊರೆದ ಗೆರೆಯಲ್ಲಿ ನಿಲ್ಲುತ್ತದೆ. ಕೇಳಿದವರಿಗೆ ಮೊದಲೇ ಹೀಗೆ ಹೇಳಿ ಮಾಡಿಕೊಡಿ.

ನಾಲ್ಕು ನಕ್ಷತ್ರ ಕೊಡುತ್ತೇನೆ, ಹೋದ ಒಂದು ಹೊದಿಕೆ ಇಲ್ಲದ ಕ್ಲಿಪ್‌ಗೆ ಮತ್ತು ಪುಸ್ತಿಕೆಗೆ. ಒಡವೆ ಮಾಡುವವರು, ವಿಜ್ಞಾನ ಕಲಿಸುವವರು, ಲೋಹದ ಮೇಲ್ಮೈ ಅಂದರೆ ಏನು ಅಂತ ಕೈಯಾರೆ ತಿಳಿಯಬೇಕು ಅನ್ನುವವರು ಧಾರಾಳವಾಗಿ ಕೊಳ್ಳಬಹುದು. ಮಕ್ಕಳಿಗೆ ತೋರಿಸುವುದಾದರೆ ಗುಂಡಿ ನಿಮ್ಮ ಕೈಯಲ್ಲಿರಲಿ, 30 ವೋಲ್ಟ್ ದಾಟಬೇಡಿ. ಚಿನ್ನದಿಂದ ನೀಲಿವರೆಗಿನ ಒಳ್ಳೆಯ ಭಾಗವೆಲ್ಲ ಅಷ್ಟರೊಳಗೇ ಮುಗಿಯುತ್ತದೆ. 60 ವೋಲ್ಟಿಗೆ ನಿಲ್ಲುವ ಚಿಕ್ಕ ಮಾದರಿಗಳೂ ಸಿಗುತ್ತವೆ. ಗುಲಾಬಿ ಮತ್ತು ಹಸಿರು ಬೇಡ ಅನ್ನುವವರು ಅದನ್ನೇ ತಗೊಳ್ಳಿ.